ಬಾಗಿಲ ಮುಂದಿನ ಗಾಡಿ

ನಮ್ಮ ಮನೆಯಲ್ಲಿ ಅಪ್ಪ ಊಟಕ್ಕೆ ಕೂತು ಪೂರ್ತಿ ಉಂಡು ಎದ್ದದ್ದು ನನಗೆ ಹೆಚ್ಚು ನೆನಪಿಲ್ಲ. ರೊಟ್ಟಿ ಮುರಿದು ಝುಣಕಕ್ಕೆ ಒತ್ತುವ ಹೊತ್ತಿಗೇ ಪಡಸಾಲೆಯ ಗೂಡಿನಲ್ಲಿದ್ದ ಫೋನು ಬಡಿದುಕೊಳ್ಳುತ್ತಿತ್ತು. ಅಪ್ಪ ಎದ್ದು ಅರ್ಧ ತೊಳೆದ ಕೈಯಲ್ಲೇ ಅಂಗಿ ಏರಿಸಿಕೊಂಡು ಹೋಗಿಬಿಡುತ್ತಿದ್ದ. ಅವನ ತಾಟಿನ ಮೇಲೆ ಅವ್ವ ಇನ್ನೊಂದು ತಾಟು ಮುಚ್ಚಿಡುತ್ತಿದ್ದಳು. ಅದು ಸಂಜೆಯವರೆಗೆ ಹಾಗೇ ಇದ್ದು, ಕೊನೆಗೆ ಹಿತ್ತಲಿನ ಎಮ್ಮೆಯ ಪಾಲಾಗುತ್ತಿತ್ತು. ಊರಿನ ಸೇವೆಯಲ್ಲಿ ದಪ್ಪಗಾದ ಜೀವ ಯಾವುದಾದರೂ ಇದ್ದರೆ ಅದು ಆ ಎಮ್ಮೆ ಮಾತ್ರ. ಈಗ ಹಾವೇರಿಯಲ್ಲಿ ನನ್ನ ಮನೆಯ ಮುಂದೆ ಸರ್ಕಾರಿ ಅಂಬುಲೆನ್ಸು ಕೂಗುತ್ತಾ ಹೋದರೆ ಪಕ್ಕದ ಮನೆಯವರು ಟಿವಿಯ ದನಿ ಏರಿಸುತ್ತಾರೆ. ನಾನು ಒಲೆ ಸಣ್ಣ ಮಾಡಿ, ಆ ಸದ್ದು ದೂರವಾಗುವವರೆಗೆ ನಿಂತಿರುತ್ತೇನೆ. ಯಾಕೆ ನಿಲ್ಲುತ್ತೀ ಎಂದು ಮಕ್ಕಳು ನಗುತ್ತಾರೆ. ಹೇಳಲು ಹೋದರೆ ಬ್ಯಾಡಗಿಯ ಆ ಮನೆಯಿಂದಲೇ ಶುರು ಮಾಡಬೇಕಾಗುತ್ತದೆ.

ನಮ್ಮದು ಹಿಟ್ಟಿನ ಗಿರಣಿಯ ಮನೆ. ಮನೆಯ ಎಡಗೋಡೆಗೆ ಅಂಟಿಕೊಂಡೇ ಗಿರಣಿ. ಅದರಲ್ಲಿ ಒಂದು ಕಡೆ ಜೋಳ ಗೋಧಿ ಬೀಸಿದರೆ ಇನ್ನೊಂದು ಕಡೆ ಖಾರದ ಪುಡಿ ಮಾಡುತ್ತಿದ್ದರು. ಹಾಗಾಗಿ ನಮ್ಮ ಹಾಸಿಗೆ, ಪುಸ್ತಕ, ದೇವರ ಮನೆಯ ಬತ್ತಿ ಎಲ್ಲಕ್ಕೂ ಮೆಣಸಿನಕಾಯಿಯ ಘಾಟು. ಬೀಗರು ಬಂದರೆ ಮೊದಲು ಸೀನಿ ಆಮೇಲೆ ಕುಶಲ ಕೇಳುತ್ತಿದ್ದರು. ನಾನು ಹುಟ್ಟುವ ಮೊದಲೋ ಆಮೇಲೋ, ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿಯಲ್ಲಿ ಲಾರಿ ಬಡಿದು ಬಿದ್ದ ಒಬ್ಬನನ್ನು ಮೆಣಸಿನಕಾಯಿ ಚೀಲಗಳ ಮೇಲೆ ಮಲಗಿಸಿ ಹಾವೇರಿಗೆ ಒಯ್ದರಂತೆ. ಒಯ್ದವರಲ್ಲಿ ಅಪ್ಪನೂ ಒಬ್ಬ. ಗಾಯಕ್ಕೆ ಖಾರ ತಾಗಿ ಆತ ದಾರಿಯುದ್ದಕ್ಕೂ ಒದರಿದನಂತೆ. ಆಸ್ಪತ್ರೆಯ ಗೇಟಿನ ಹತ್ತಿರ ಸುಮ್ಮನಾದನಂತೆ. ಅದಾದ ಮೇಲೆ ಪೇಟೆಯ ಏಳೆಂಟು ಮಂದಿ ಸೇರಿ ಯಾರೋ ಮಾರಿದ ಹಳೆಯ ಮೆಟಡೋರ್ ವ್ಯಾನು ತಂದರು. ಬಡಿಗ್ಯಾರು ಒಳಗೆ ಉದ್ದನೆಯ ಹಲಗೆ ಕೂರಿಸಿಕೊಟ್ಟರು. ಬೋರ್ಡು ಬರೆಯುವವನು ಬಿಳಿ ಬಣ್ಣದ ಮೇಲೆ ಕೆಂಪು ಗುರುತು ಬರೆದ. ಸಂಬಳವಿಲ್ಲ, ಬಾಡಿಗೆಯಿಲ್ಲ. ಕರೆದವರ ಮನೆಗೆ ಹೋಗುವುದು, ರೋಗಿಯನ್ನು ಹಾವೇರಿಗೋ ರಾಣೆಬೆನ್ನೂರಿಗೋ ತೀರಾ ಆದರೆ ಹುಬ್ಬಳ್ಳಿಗೋ ಮುಟ್ಟಿಸುವುದು, ಅಷ್ಟೇ. ಗಿರಣಿಯ ಕಾರಣಕ್ಕೆ ಫೋನು ಇದ್ದದ್ದು ನಮ್ಮ ಮನೆಯಲ್ಲಿ. ಆದ್ದರಿಂದ ವ್ಯಾನು ನಮ್ಮ ಕಟ್ಟೆಯ ಮುಂದೆಯೇ ನಿಲ್ಲುತ್ತಿತ್ತು. ಊರವರು ಅದನ್ನು ಗಾಡಿ ಅಂತ ಕರೆದರು, ಅದರ ಹಿಂದೆ ಓಡುವವರನ್ನು ಗಾಡಿಮಂದಿ ಅಂದರು.

ಗಾಡಿಮಂದಿಗೆ ಪಟ್ಟಿ ಕಟ್ಟುವುದನ್ನು ಕಲಿಸಲು ಒಬ್ಬ ಕಂಪೌಂಡರು ಬರುತ್ತಿದ್ದರು. ಕಲಿಕೆಗೆ ಕೈಕಾಲು ಬೇಕಲ್ಲ, ಅವು ನಮ್ಮವು. ನನ್ನ ಮುಂಗೈಗೆ ಫುಟ್‌ಪಟ್ಟಿ ಇಟ್ಟು ಬಿಗಿದು ಕಟ್ಟಿ ಅವರೆಲ್ಲ ಚಹಾ ಕುಡಿಯುತ್ತಾ ಮಾತಿಗೆ ಕೂತರೆಂದರೆ ನಾನು ಬಿಚ್ಚಿ ಅನ್ನುವವರೆಗೆ ಬಿಚ್ಚುತ್ತಿರಲಿಲ್ಲ. ಎತ್ತಿ ಹಲಗೆಗೆ ಹಾಕುವ ಅಭ್ಯಾಸಕ್ಕೆ ಜೋಳದ ಚೀಲ ಇಟ್ಟುಕೊಂಡಿದ್ದರು. ಅದರ ತಲೆ ಯಾವ ಕಡೆ ಎಂದು ಸುಣ್ಣದಲ್ಲಿ ಗುರುತು ಹಾಕಿದ್ದ ರಾಜೇಸಾಬ, ಯಾರಾದರೂ ಅದನ್ನು ಧಡಲ್ ಅಂತ ಇಟ್ಟರೆ ಬೈಯುತ್ತಿದ್ದ. ರಾಜೇಸಾಬ ನಮ್ಮ ಓಣಿಯ ದರ್ಜಿ, ಗಾಡಿ ಓಡಿಸುತ್ತಿದ್ದವನು ಅವನೇ. ಹೊಲಿಗೆಯ ಯಂತ್ರದ ಮೇಲೆ ಅರ್ಧ ಹೊಲಿದ ಜಂಪರು ಬಿಟ್ಟು ಓಡಿಬರುತ್ತಿದ್ದ. ಹಬ್ಬಕ್ಕೆ ಬಟ್ಟೆ ಕೊಟ್ಟವರು ಅವನನ್ನು ಹುಡುಕಿಕೊಂಡು ನಮ್ಮ ಮನೆಗೆ ಬಂದು, ಅವನು ಸಿಗದೆ ನಮ್ಮ ಅಜ್ಜಿಯ ಹತ್ತಿರ ಬೈಸಿಕೊಂಡು ಹೋಗುತ್ತಿದ್ದರು.

ಅಜ್ಜಿ ಅಂದರೆ ಅಪ್ಪನ ಅವ್ವ. ಮನೆಯ ಬೀಗದ ಗೊಂಚಲು ಅವಳ ಸೊಂಟದಲ್ಲಿ. ಗಾಡಿ ಹೊರಡುವಾಗ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಕೊಡದೆ ಕಳಿಸುತ್ತಿರಲಿಲ್ಲ. ತಿರುಗಿ ಬಂದವರನ್ನು ಸ್ನಾನವಿಲ್ಲದೆ ಒಳಗೆ ಬಿಡುತ್ತಿರಲಿಲ್ಲ. ಹಿತ್ತಲಿನ ಬಚ್ಚಲಲ್ಲಿ ಹಂಡೆಯ ಕೆಳಗೆ ಬೆಂಕಿ ಆರಿದ ದಿನ ನಮ್ಮ ಮನೆಯಲ್ಲಿ ಕಡಿಮೆ. ಮಗ ಊರಿಗೆ ಬೇಕಾದವನು ಎಂಬ ಹೆಮ್ಮೆ ಅವಳಿಗೆ ಬಹಳ ಇತ್ತು. ಗುಡಿಗೆ ಹೋದರೆ ನಾಲ್ಕು ಹೆಂಗಸರು ಅವಳಿಗೆ ದಾರಿ ಬಿಡುತ್ತಿದ್ದರು, ಅವಳೂ ಆ ದಾರಿಯಲ್ಲಿ ಸಾವಕಾಶವಾಗಿ ನಡೆಯುತ್ತಿದ್ದಳು.

ಫೋನಿನ ಕೆಲಸ ಚಿಗವ್ವನದು. ಚಿಗವ್ವ ನಮ್ಮ ಕಾಕಾನ ಹೆಂಡತಿ, ಹೆಸರು ಗಿರಿಜಾ, ಅಗಡಿಯ ಹೆಣ್ಣುಮಗಳು. ಕಾಕಾ ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಮುಂಜಾನೆ ಹೋಗಿ ಸಂಜೆ ಬರುತ್ತಿದ್ದ. ಅವ್ವ ಗಿರಣಿಯಲ್ಲಿ ಹಿಟ್ಟು ತೂಗಲು ನಿಂತರೆ, ಫೋನು ಕೇಳಿಸುವಷ್ಟು ದೂರದಲ್ಲಿ ಉಳಿಯುತ್ತಿದ್ದವಳು ಚಿಗವ್ವ ಒಬ್ಬಳೇ. ಕಂಪೌಂಡರು ಗಂಡಸರಿಗೆ ಕಲಿಸುವಾಗ ನಡುಮನೆಯ ಕದದ ಹಿಂದೆ ಬೇಳೆ ಆರಿಸುತ್ತಾ ಕೂತು ಅವಳೂ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಫೋನು ಎತ್ತಿದವಳೇ ಕೇಳುತ್ತಿದ್ದಳು:

"ಎಲ್ಲಿಂದ್ರಿ? ಮಾತಾಡಿಸಿದ್ರ ಮಾತಾಡ್ತಾರೇನ್ರಿ? ರಕ್ತ ಹೊಂಟಿದ್ರ ಅರಿವಿ ಮಡಚಿ ಒತ್ತಿ ಹಿಡೀರಿ. ಬಿಟ್ಟು ಬಿಟ್ಟು ನೋಡಬ್ಯಾಡ್ರಿ. ಗಾಡಿ ಬರತೈತಿ."

ಆದರೆ ಅವಳು ಅದನ್ನು ಹೋಗಿ ಅಪ್ಪನಿಗೆ ಹೇಳುವಂತಿರಲಿಲ್ಲ. ಅಪ್ಪ ಅವಳಿಗೆ ಭಾವ, ಗಂಡನ ಅಣ್ಣ. ನಮ್ಮ ಮನೆಯ ಪದ್ಧತಿಯಲ್ಲಿ ತಮ್ಮನ ಹೆಂಡತಿ ಭಾವನ ಎದುರು ಸೆರಗು ಹೊದ್ದು ಪಕ್ಕಕ್ಕೆ ಸರಿಯಬೇಕು. ಮಾತು ಆಡಕೂಡದು, ಒಬ್ಬರ ನೆರಳು ಒಬ್ಬರ ಮೇಲೆ ಬೀಳಕೂಡದು. ಹಾಗಾಗಿ ಅವರಿಬ್ಬರ ನಡುವಿನ ಬಾಯಿ ನಾನು. "ಹೋಗವಾ, ನಿಮ್ಮಪ್ಪಗ ಹೇಳು, ಕಾಗಿನೆಲಿ ದಾರ್ಯಾಗ ಟ್ರ್ಯಾಕ್ಟರ್ ಮಗಚೇತಿ, ಇಬ್ಬರು ಅದಾರ, ಒಬ್ಬಗ ಕಾಲು ಮುರದೈತಿ" ಅನ್ನುತ್ತಿದ್ದಳು. ಗಿರಣಿಯ ಗದ್ದಲದಲ್ಲಿ ನಾನು ಅಪ್ಪನ ಕಿವಿಗೆ ಬಾಯಿ ಹಚ್ಚಿ ಅಕ್ಷರ ಬಿಡದೆ ಒದರುತ್ತಿದ್ದೆ. ಊರಿನ ಎಲ್ಲ ಅಪಘಾತಗಳೂ ಮೊದಲು ನನ್ನ ಬಾಯಿಂದಲೇ ಹಾದುಹೋದವು. ಮುಂದೆ ಕನ್ನಡ ಸಾಲಿಯಲ್ಲಿ ನನ್ನನ್ನು ಬಾಯಿಬಡಕಿ ಅಂದವರಿಗೆ ಈ ಹಿನ್ನೆಲೆ ಗೊತ್ತಿರಲಿಲ್ಲ.

ಎಲ್ಲ ಸರಿಯಾಗಿ ನಡೆಯುತ್ತಿದ್ದಾಗ ಗಾಡಿಮಂದಿ ಒಂದು ತಪ್ಪು ಮಾಡಿದರು. ಅದನ್ನು ತಪ್ಪು ಅನ್ನಲು ನನಗೆ ಈಗಲೂ ಬಾಯಿ ಬರುವುದಿಲ್ಲ. ಹುಬ್ಬಳ್ಳಿಗೆ ಅವರೇ ಮುಟ್ಟಿಸಿದ್ದ ಹಮಾಲನೊಬ್ಬ ಅಲ್ಲಿ ತೀರಿಕೊಂಡ. ಹೆಣ ತರಲು ಬಾಡಿಗೆ ಗಾಡಿಯವರು ಯಾರೂ ಒಪ್ಪಲಿಲ್ಲ. ಹಮಾಲನ ಹೆಂಡತಿ ನಮ್ಮ ಕಟ್ಟೆಯ ಮೇಲೆ ಬಂದು ಕೂತಳು. ಅವಳು ಏನೂ ಕೇಳಲಿಲ್ಲ, ಸುಮ್ಮನೆ ಕೂತಳು. ಅಪ್ಪನಿಗೆ ಅಷ್ಟು ಸಾಕಾಯಿತು.

"ಒಯ್ದವರು ನಾವು. ಅಲ್ಲೇ ಬಿಟ್ಟು ಹೆಂಗ ಬರೂದು?" ಅಂದ.

ಹೋಗಿ ತಂದರು. ಒಬ್ಬನಿಗೆ ತಂದ ಮೇಲೆ ಇನ್ನೊಬ್ಬನಿಗೆ ಇಲ್ಲ ಅನ್ನಲಾದೀತೇ? ಹಾವೇರಿ, ದಾವಣಗೆರೆ, ಹುಬ್ಬಳ್ಳಿ, ಎಲ್ಲಿ ಊರವರು ಸತ್ತರೂ ಗಾಡಿಯೇ ಹೋಗತೊಡಗಿತು. ಪ್ರತಿ ಸಲ ತೊಳೆದು, ಗೋಮೂತ್ರ ಚಿಮುಕಿಸಿ, ಕರ್ಪೂರ ಹಚ್ಚುತ್ತಿದ್ದರು. ತೊಳೆದರೆ ಹಲಗೆ ಸ್ವಚ್ಛವಾಗುತ್ತದೆ, ಮಂದಿಯ ಮನಸ್ಸಿನಲ್ಲಿ ಕೂತದ್ದು ಹೋಗುವುದಿಲ್ಲ. ಗಾಡಿ ಓಣಿಗೆ ಬಂದರೆ ಹೆಂಗಸರು ಮಕ್ಕಳನ್ನು ಒಳಗೆ ಎಳೆದುಕೊಂಡರು. ಹೆಣದ ಗಾಡಿ ಅನ್ನುವ ಹೆಸರು ಬಿತ್ತು. ಕದರಮಂಡಲಗಿಯಲ್ಲಿ ಹಾವು ಕಡಿದವನೊಬ್ಬನ ಮನೆಯವರು ಫೋನು ಮಾಡಿ ಕರೆಸಿ, ಗಾಡಿ ಕಂಡಕೂಡಲೆ ಬೇಡ ಅಂದು ಅವನನ್ನು ಹೊತ್ತು ಹಣಮಪ್ಪನ ಗುಡಿಗೆ ನಡೆದರು. ಗಾಡಿ ಬರಿದೇ ವಾಪಸು ಬಂತು. ಕರೆಯುವವರು ತಡ ಮಾಡಿ ಕರೆದರು. ತೀರಾ ಕೈಮೀರಿದ ಮೇಲೆ ಕರೆದದ್ದರಿಂದ ಹೋದವರಲ್ಲಿ ಹೆಚ್ಚು ಮಂದಿ ಉಳಿಯಲಿಲ್ಲ. ಉಳಿಯಲಿಲ್ಲವಾದ್ದರಿಂದ ಹೆಸರು ಇನ್ನಷ್ಟು ಕೆಟ್ಟಿತು. ಇದರ ತುದಿ ಎಲ್ಲಿ ಹಿಡಿಯಬೇಕೆಂದು ಅಪ್ಪನಿಗೆ ತಿಳಿಯಲಿಲ್ಲ.

"ಅಣ್ಣಾರ, ಜೀವ ಇದ್ದವರನ್ನ ಹತ್ತಸಾಕ ಕಾಲು ಬೀಳಬೇಕಾಗೇತಿ. ಸತ್ತವರಷ್ಟ ಸುಮ್ನ ಬರ್ತಾರ ನೋಡ್ರಿ" ಅಂತ ರಾಜೇಸಾಬ ಚಹಾ ಆರಿಸಿಕೊಳ್ಳುತ್ತಾ ಹೇಳಿದ್ದು ನೆನಪಿದೆ.

ಬಣ್ಣ ಬದಲಿಸಿ ನೋಡಿದರು. ಬಿಳಿಯದು ತಿಳಿನೀಲಿಯಾಯಿತು. ಹೆಣದ ಗಾಡಿಗೆ ಬಣ್ಣ ಹಚ್ಚ್ಯಾರ ಅಂದರು ಮಂದಿ, ಅಷ್ಟೇ ಆದದ್ದು. ಹೆಣ ತರುವುದನ್ನು ಬಿಟ್ಟುಬಿಡೋಣ ಎಂದು ಗಾಡಿಮಂದಿ ಒಮ್ಮೆ ಮಾತಾಡಿಕೊಂಡರು. ಆ ವಾರವೇ ಒಬ್ಬ ಮುದುಕಿ ಬಂದು ಕಟ್ಟೆಯ ಮೇಲೆ ಕೂತಳು. ಮಾತು ಅಲ್ಲಿಗೇ ಮುಗಿಯಿತು. ನಮ್ಮ ಅಜ್ಜಿಯೂ ಗಾಡಿಯ ಕಡೆಗೆ ಮುಖ ಮಾಡಿ ಕೂರುವುದನ್ನು ಬಿಟ್ಟಿದ್ದಳು. ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತು ಬತ್ತಿ ಹೊಸೆಯುತ್ತಿದ್ದಳು. ರೊಟ್ಟಿಯ ಗಂಟು ಮಾತ್ರ ತಪ್ಪಿಸಲಿಲ್ಲ, ನನ್ನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದಳು.

ಚಿಗವ್ವ ಬಸುರಿಯಾದದ್ದು ಆ ಹೊತ್ತಿಗೆ. ಮದುವೆಯಾಗಿ ಬಹಳ ವರ್ಷ ಕಾದ ಬಸುರು. ತವರಿಗೆ ಹೋಗಬೇಕು, ಆದರೆ ಅಗಡಿಯಲ್ಲಿ ಅವಳ ಅವ್ವ ಇರಲಿಲ್ಲ. "ತಾಯಿ ಇಲ್ಲದ ತವರಿಗೆ ಯಾಕ ಕಳಸೂದು, ನಾ ಅದೇನಿ, ಇಲ್ಲೇ ಆಗ್ಲಿ" ಅಂದವಳು ಅಜ್ಜಿಯೇ. ಸೊಸೆಗೆ ತಿನ್ನಬೇಕೆನಿಸಿದ್ದನ್ನೆಲ್ಲ ಮಾಡಿಹಾಕಿದಳು. ಖಾರದ ಘಾಟು ತಾಗಬಾರದೆಂದು ಗಿರಣಿಯಲ್ಲಿ ಮೆಣಸಿನಕಾಯಿ ಹಾಕುವುದನ್ನೇ ನಿಲ್ಲಿಸಿದಳು. ಬ್ಯಾಡಗಿಯಲ್ಲಿ ಸುಗ್ಗಿಯ ದಿನಗಳಲ್ಲಿ ಖಾರ ಬೀಸದ ಗಿರಣಿ ಅಂದರೆ ಜನ ಬಂದು ಇಣುಕಿ ನೋಡಿ ಹೋಗುತ್ತಿದ್ದರು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದಿನದನ್ನು ಓದಿದವರು ಅಜ್ಜಿಯನ್ನು ಕೆಟ್ಟವಳು ಅಂದುಕೊಳ್ಳಬಾರದು. ನಾನು ಅಂದುಕೊಳ್ಳಲು ಪ್ರಯತ್ನಪಟ್ಟಿದ್ದೇನೆ, ಆಗಲಿಲ್ಲ.

ಪೇಟೆ ದಿನ ಅದು, ಮಧ್ಯಾಹ್ನ. ಊರಿನ ಗಾಲಿ ಇದ್ದ ವಾಹನವೆಲ್ಲ ಮೆಣಸಿನಕಾಯಿ ಹೇರಿಕೊಂಡು ಮಾರುಕಟ್ಟೆಯ ಸುತ್ತ ಸಿಕ್ಕಿಕೊಂಡಿತ್ತು. ಚಿಗವ್ವನಿಗೆ ಮುಂಜಾನೆಯೇ ಬ್ಯಾನಿ ಶುರುವಾಗಿ, ಸೂಲಗಿತ್ತಿ ಹನುಮವ್ವ ಒಳಕೋಣೆಯಲ್ಲಿದ್ದಳು. ಊಟದ ಹೊತ್ತು ದಾಟಿದ ಮೇಲೆ ಹನುಮವ್ವ ಮೊಣಕೈವರೆಗೆ ಕೆಂಪಾದ ಕೈಯನ್ನು ಮುಂದೆ ಹಿಡಿದುಕೊಂಡು ಹೊರಗೆ ಬಂದಳು.

"ಇದು ನನ್ನ ಕೈಲೆ ಆಗೂದಲ್ರಿ. ರಕ್ತ ನಿಂದ್ರವಲ್ದು. ಹಾವೇರಿಗೆ ಒಯ್ರಿ, ಹೊತ್ತು ಮಾಡಬ್ಯಾಡ್ರಿ."

ಅಪ್ಪ ಪಟ್ಟ ಇಳಿಸಿ ಗಿರಣಿ ನಿಲ್ಲಿಸಿಯಾಗಿತ್ತು. ರಾಜೇಸಾಬ ಬಂದು ಸ್ಟೇರಿಂಗಿನ ಮುಂದೆ ಕೂತಿದ್ದ. ಗಾಡಿಯ ಹಿಂದಿನ ಬಾಗಿಲು ತೆಗೆದು ಅಪ್ಪ ತನ್ನದೇ ಹಾಸಿಗೆ ಹಾಸಿದ, ಅದರ ಮೇಲೆ ಅವ್ವನ ಹೊಸ ದುಪ್ಪಡಿ ಹಾಸಿದ. ಕಟ್ಟೆಯಿಂದ ಗಾಡಿಗೆ ನಾಲ್ಕು ಹೆಜ್ಜೆಯೂ ಇರಲಿಲ್ಲ. ಆಗ ಅಜ್ಜಿ ಬಂದು ತಲೆಬಾಗಿಲ ಹೊಸ್ತಿಲಿಗೆ ಅಡ್ಡ ಕೂತಳು.

"ನಿನ್ನೆ ಹೆಣ ಇಳಿಸಿದ ಹಲಗಿ ಮ್ಯಾಲ ನನ್ನ ಸೊಸಿನ್ನ ಮಲಗಸ್ತೀ? ಜೀಪ್ ತರಸು."

"ಅವ್ವಾ, ತೊಳದೇವಿ. ಹಾಸಿಗಿ ಬ್ಯಾರೆ ಹಾಸೇನಿ. ಇವತ್ತ ಪ್ಯಾಟಿ ಐತಿ, ಜೀಪ್ ಎಲ್ಲಿಂದ ತರ್ಲಿ?"

"ಊರ ಮಂದಿಗೆಲ್ಲ ಗಾಡಿ ಮಾಡ್ಕೊಟ್ಟಿ. ಮನಿ ಸೊಸಿಗೆ ಒಂದ ಜೀಪ್ ಸಿಗಂಗಿಲ್ಲೇನ? ಅದನ್ನ ಹತ್ತಿದವರು ಎಷ್ಟು ಮಂದಿ ತಿರುಗಿ ಬಂದಾರ, ನೀನ ಹೇಳು."

ಅಪ್ಪನಿಗೆ ಉತ್ತರ ಗೊತ್ತಿತ್ತು. ಯಾಕೆ ಬರಲಿಲ್ಲ ಎಂಬುದೂ ಗೊತ್ತಿತ್ತು. ಊರೂರಿಗೆ ಹೋಗಿ ಮನೆಬಾಗಿಲಲ್ಲಿ ನಿಂತು, ಯಮನ ಗಾಡಿ ಅಲ್ಲರೀ ಇದು, ಹತ್ರಿ ಅಂತ ತಾಸುಗಟ್ಟಲೆ ಹೇಳಿದ ಮನುಷ್ಯ ತನ್ನ ಮನೆಯ ಬಾಗಿಲಲ್ಲಿ ಮಾತು ಕಳೆದುಕೊಂಡು ನಿಂತ. ಅವ್ವ ಒಮ್ಮೆ, "ಅತ್ತಿ, ದಾರಿ ಬಿಡ್ರಿ" ಅಂದಳು. ಅಜ್ಜಿ ಅವಳ ಮುಖವನ್ನೂ ನೋಡಲಿಲ್ಲ. ಹೊಸ್ತಿಲನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಹೆತ್ತವಳನ್ನು ದಾಟಿ ಹೋಗುವುದು ಅಪ್ಪನಿಂದ ಆಗಲಿಲ್ಲ. ದಾಟಿದರೂ ಚಿಗವ್ವನನ್ನು ಎತ್ತುವವರು ಯಾರು? ಕಟ್ಟೆಯ ಮೇಲೆ ಸೇರಿದ್ದ ಓಣಿಯ ಹೆಂಗಸರು ಅಜ್ಜಿಯನ್ನು ಮೀರಿ ಕೈ ಹಚ್ಚುತ್ತಿರಲಿಲ್ಲ. ಹಳ್ಳಿಹಳ್ಳಿಯ ಹೆಣ್ಣುಮಕ್ಕಳನ್ನು ತಂಗಿಯ ಹಾಗೆ ಎತ್ತಿ ಮಲಗಿಸಿದವನು, ತಮ್ಮನ ಹೆಂಡತಿಯನ್ನು ಮುಟ್ಟುವಂತಿರಲಿಲ್ಲ. ತಮ್ಮ ರಾಣೆಬೆನ್ನೂರಿನಲ್ಲಿದ್ದ.

ಚಿಗವ್ವ ಒಳಗಿನಿಂದ ನನ್ನನ್ನು ಕರೆದಳು. ಮುಖ ಹಿಟ್ಟಿನ ಬಣ್ಣಕ್ಕೆ ತಿರುಗಿತ್ತು. ಫೋನಿನಲ್ಲಿ ಕೇಳುವಾಗಿನ ಸಮಾಧಾನದ ದನಿಯಲ್ಲೇ ಹೇಳಿದಳು:

"ನಿಮ್ಮಪ್ಪಗ ಹೇಳು, ನಾ ಗಾಡಿ ಹತ್ತತೇನಿ ಅಂತ. ಲಗೂ ಹೋಗಿ ಹೇಳು."

ನಾನು ಅಜ್ಜಿಯ ಹೆಗಲ ಮೇಲಿಂದ ಬಗ್ಗಿ, ಅಕ್ಷರ ಬಿಡದೆ ಹೇಳಿದೆ. ಗಿರಣಿ ನಿಂತಿತ್ತು, ಒದರುವ ಅಗತ್ಯವಿರಲಿಲ್ಲ, ಆದರೂ ಒದರಿದೆ. ಅಪ್ಪ ಕೇಳಿಸಿಕೊಂಡು ನನ್ನನ್ನೇ ನೋಡಿದ. ಆಮೇಲೆ ಅಜ್ಜಿಯನ್ನು ನೋಡಿದ. ಅದುವರೆಗೆ ನಾನು ಮುಟ್ಟಿಸಿದ ಯಾವ ಮಾತಿಗೂ ಅವನು ನಿಂತಲ್ಲೇ ನಿಂತದ್ದಿಲ್ಲ. ಮಾತು ಮುಟ್ಟಿಸಿದರೆ ಕೆಲಸ ಆಗುತ್ತದೆ ಎಂದು ನಂಬಿದ್ದ ನನಗೆ ಆ ಹೊತ್ತು ಏನಾಯಿತು ಎಂದು ಹೇಳುವುದು ಕಷ್ಟ. ನನ್ನ ದನಿ ಕೇಳಿಸಲಿಲ್ಲವೇನೋ ಎಂದು ಮತ್ತೆ ಹೇಳಿದೆ, ಮತ್ತೂ ಹೇಳಿದೆ.

ಆಗ ಒಳಗಿನಿಂದ ಚಿಗವ್ವನೇ ಮಾತಾಡಿದಳು. ಗೋಡೆ ಹಿಡಿದುಕೊಂಡು ನಡುಮನೆಯವರೆಗೆ ಬಂದಿದ್ದಳು. ತಲೆಯ ಮೇಲೆ ಸೆರಗು ಇರಲಿಲ್ಲ.

"ಭಾವಾರ, ನಾ ಹತ್ತತೇನ್ರಿ. ನನಗ ಅದರ ಅಂಜಿಕಿ ಇಲ್ಲ. ಒಯ್ರಿ ನನ್ನ."

ಹಾಸಿದ ಸೀರೆಗಳನ್ನು ನೆನೆಸಿ ನೆಲಕ್ಕೆ ಇಳಿಯುತ್ತಿದ್ದ ರಕ್ತಕ್ಕೆ ಬೆಚ್ಚದ ಕಟ್ಟೆಯ ಮೇಲಿನ ಹೆಂಗಸರು, ಸೊಸೆ ಭಾವನನ್ನು ಮಾತಾಡಿಸಿದ್ದಕ್ಕೆ ಬೆಚ್ಚಿ ಒಬ್ಬರ ಮುಖ ಒಬ್ಬರು ನೋಡಿದರು. ಅಜ್ಜಿ ಹಿಂತಿರುಗದೆಯೇ ಹೇಳಿದಳು:

"ಒಳಗ ಹೋಗಿ ಮಲ್ಕೋ ಗಿರಿಜಾ. ಭಾವನ ಕೂಡ ಹಿಂಗ ಮಾತಾಡ್ತಾರೇನು? ಜೀಪ್ ಬರತೈತಿ."

ಅಪ್ಪ ರಾಜೇಸಾಬನನ್ನು ಸೈಕಲ್ಲಿನ ಮೇಲೆ ಮಾರುಕಟ್ಟೆಗೆ ಕಳಿಸಿದ. ಓಡಲು ಸಿದ್ಧವಾಗಿದ್ದ ಗಾಡಿಯಿಂದ ಇಳಿದು, ಅವನು ಸೈಕಲ್ ತುಳಿದು ಇನ್ನೊಂದು ಗಾಡಿ ಹುಡುಕಲು ಹೋದ. ಹೋಗುವ ಮೊದಲು ಅಜ್ಜಿಯ ಮುಂದೆ ನಿಂತು ಏನೋ ಹೇಳಲು ಬಾಯಿ ತೆರೆದ. ಅದು ತನ್ನ ಮನೆಯಲ್ಲ ಎಂದು ನೆನಪಾಗಿರಬೇಕು, ಸೈಕಲ್ ಹತ್ತಿದ. ಅಪ್ಪ ಗಾಡಿಯ ಬಾಗಿಲು ಹಾಕಿದ, ತೆಗೆದ, ಮತ್ತೆ ಹಾಕಿದ. ಅವ್ವ ಅರಿವೆ ಮಡಚಿ ಒತ್ತಿ ಹಿಡಿದುಕೊಂಡು ಕೂತಳು. ಹಾಗೆ ಒತ್ತಬೇಕು, ಬಿಟ್ಟು ಬಿಟ್ಟು ನೋಡಬೇಡ ಎಂದು ಹೇಳಿಕೊಟ್ಟವಳು ಅವಳ ಮುಂದೆ ಮಲಗಿದ್ದ ಚಿಗವ್ವನೇ.

ಜೀಪು ಬಂದಾಗ ಬಿಸಿಲು ಇಳಿದಿತ್ತು. ಮೆಣಸಿನಕಾಯಿ ಚೀಲಗಳನ್ನು ಅಡ್ಡರಸ್ತೆಯಲ್ಲೇ ಇಳಿಸಿ ಬಂದ ಜೀಪು. ಒಳಗೆಲ್ಲ ಖಾರದ ದೂಳು, ಬೀಜ. ಅಜ್ಜಿ ಹೊಸ್ತಿಲು ಬಿಟ್ಟೆದ್ದು ತನ್ನ ಸೆರಗಿನಿಂದಲೇ ಸೀಟು ಒರೆಸಿದಳು. ಹೆಂಗಸರು ಎತ್ತಿ ಮಲಗಿಸಿದ ಕೂಡಲೇ ಚಿಗವ್ವ ಕೆಮ್ಮತೊಡಗಿದಳು. ಪ್ರತಿ ಕೆಮ್ಮಿಗೂ ಅವಳ ಮೈ ಬಿಲ್ಲಿನ ಹಾಗೆ ಬಾಗುತ್ತಿತ್ತು. ಓಣಿ ತಿರುಗುವವರೆಗೂ ಆ ಕೆಮ್ಮು ಕೇಳಿಸಿತು. ಅದರ ಹಿಂದೆ ಅಪ್ಪ ರಾಜೇಸಾಬನ ಜೊತೆ ಖಾಲಿ ಗಾಡಿ ತೆಗೆದುಕೊಂಡು ಹೋದ. ಯಾಕೆ ಹೋದನೆಂದು ಅವನಿಗೇ ಗೊತ್ತಿತ್ತೋ ಇಲ್ಲವೋ.

ಚಿಗವ್ವ ಉಳಿದಳು. ಮಗು ಉಳಿಯಲಿಲ್ಲ, ಇನ್ನು ಮಕ್ಕಳಾಗುವ ಹಾಗೂ ಇರಲಿಲ್ಲ. ಡಾಕ್ಟರು ಏನಂದರೆಂದು ಅಪ್ಪ ಯಾರಿಗೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಮರುದಿನ ಮುಂಜಾನೆ ಮಗುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಅಪ್ಪ ತೊಡೆಯ ಮೇಲೆ ಇಟ್ಟುಕೊಂಡು ಬಂದ. ತಂದದ್ದು ಗಾಡಿಯಲ್ಲೇ, ಓಡಿಸಿದವನು ರಾಜೇಸಾಬ, ಪಕ್ಕದಲ್ಲಿ ಕಾಕಾ ಕೂತಿದ್ದ. ಆಗ ಅಜ್ಜಿ ಏನೂ ಅನ್ನಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಚಿಗವ್ವ ಬಹಳ ದಿನ ಒಳಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಮನೆಯಲ್ಲಿ ಅಡುಗೆ ಆಗುತ್ತಿತ್ತು, ಗಿರಣಿ ತಿರುಗುತ್ತಿತ್ತು, ಫೋನು ಬಡಿದರೆ ಅವ್ವ ಓಡಿ ಬಂದು ಎತ್ತಿ ಏನು ಕೇಳಬೇಕೆಂದು ತಿಳಿಯದೆ ಒದ್ದಾಡುತ್ತಿದ್ದಳು. ಅಜ್ಜಿ ಸೊಸೆಗೆ ಕಾಯಿಸಿದ ಹಾಲು ಒಯ್ದು ಕೊಡುತ್ತಿದ್ದಳು. ಚಿಗವ್ವ ಲೋಟ ತೆಗೆದುಕೊಂಡು ಕುಡಿಯುತ್ತಿದ್ದಳು. ಜಗಳ ಆಗಲಿಲ್ಲ. ಜಗಳವಾಗಲಿ, ಯಾರಾದರೂ ತಾಟು ಎತ್ತಿ ಒಗೆಯಲಿ ಎಂದು ನಾನು ಕಾಯುತ್ತಿದ್ದೆ. ಕಾಕಾ ಒಮ್ಮೆ ಅಪ್ಪನ ಮುಂದೆ ಬಂದು ನಿಂತ, ಇಬ್ಬರೂ ಗಿರಣಿಯ ಪಟ್ಟವನ್ನು ನೋಡುತ್ತಾ ನಿಂತರು, ಆಮೇಲೆ ಕಾಕಾ ಬಸ್ಸಿಗೆ ಹೋದ. ಎಲ್ಲರೂ ಎಲ್ಲರನ್ನೂ ಪ್ರೀತಿಸುತ್ತಿದ್ದ ಮನೆ ಅದು. ಅದರಿಂದ ಒಬ್ಬರಿಗೂ ಉಪಯೋಗವಾಗಲಿಲ್ಲ ಎಂಬ ಸಿಟ್ಟು ನನ್ನಲ್ಲಿ ಹುಟ್ಟಿದ್ದು ಆ ದಿನಗಳಲ್ಲೇ, ಇನ್ನೂ ಹೋಗಿಲ್ಲ. ಯಾರಾದರೂ ಹಿರಿಯರು ಬೇಡ ಅಂದಾರು ಎಂದು ಸುಮ್ಮನೆ ನಿಂತವರನ್ನು ಕಂಡರೆ ಇವತ್ತಿಗೂ ನನ್ನ ಬಾಯಿ ನನ್ನ ಕೈಯಲ್ಲಿ ಇರುವುದಿಲ್ಲ.

ಒಂದು ಮುಂಜಾನೆ ಚಿಗವ್ವ ತಲೆಸ್ನಾನ ಮಾಡಿ ಹೊರಗೆ ಬಂದಳು. ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು, ಕಟ್ಟೆ ಇಳಿದು, ಗಾಡಿಯ ಹಿಂದಿನ ಬಾಗಿಲು ತೆಗೆದು ಹತ್ತಿದಳು. ಹಲಗೆಯ ಮೇಲೆ ಕಾಲು ಮಡಚಿ ಕೂತು ಬೇಳೆ ಆರಿಸತೊಡಗಿದಳು. ಓಣಿಯಲ್ಲಿ ನೀರಿಗೆ ಹೊರಟಿದ್ದ ಹೆಂಗಸರು ಕೊಡ ಇಳಿಸಿ ನಿಂತರು. ಗಿರಣಿಯ ಬಾಗಿಲಲ್ಲಿ ಅಪ್ಪ ಕಾಣಿಸಿಕೊಂಡು ಅಲ್ಲೇ ಉಳಿದ. ಕಟ್ಟೆಯ ಮೇಲೆ ಬತ್ತಿ ಹೊಸೆಯುತ್ತಿದ್ದ ಅಜ್ಜಿ, ಎಷ್ಟೋ ದಿನಗಳ ಮೇಲೆ ಗಾಡಿಯ ಕಡೆಗೆ ತಿರುಗಿದಳು.

"ಇಳಿ ಗಿರಿಜಾ. ಮಂದಿ ನೋಡಾಕತ್ತಾರ."

"ನೋಡ್ಲಿ ಬಿಡ್ರಿ."

ಬೇಳೆಯಲ್ಲಿ ಕಲ್ಲು ಸಿಕ್ಕಿದರೆ ಹೊರಗೆ ಎಸೆಯುತ್ತಿದ್ದಳು. ಆರಿಸಿ ಮುಗಿದ ಮೇಲೂ ಇಳಿಯಲಿಲ್ಲ. ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಅಜ್ಜಿಯನ್ನು ನೋಡಿದಳು. ಸಿಟ್ಟು ಇರಲಿಲ್ಲ ಆ ದನಿಯಲ್ಲಿ. ನಿಜವಾಗಿಯೂ ತಿಳಿದುಕೊಳ್ಳಬೇಕಾಗಿದ್ದವಳ ಹಾಗೆ ಕೇಳಿದಳು:

"ಕುಂತೇನಿ ನೋಡ್ರಿ ಅತ್ತಿ. ಏನಾತು ನನಗ, ನೀವ ಹೇಳ್ರಿ."

ಅಜ್ಜಿಯ ಮಡಿಲಿನಿಂದ ಹತ್ತಿ ಜಾರಿ ಬಿತ್ತು. ಗೋಡೆ ಹಿಡಿದು ಎದ್ದಳು, ಮೆಟ್ಟಿಲು ಇಳಿದಳು, ಗಾಡಿಯ ಹತ್ತಿರ ಬಂದು ಬಾಗಿಲ ಕಂಬಿಗೆ ಕೈ ಹಚ್ಚಿದಳು. ಚಿಗವ್ವ ಹಲಗೆಯ ಮೇಲೆ ಸ್ವಲ್ಪ ಸರಿದಳು.

"ಬರ್ರಿ. ಜಾಗಾ ಐತಿ."

ಅಜ್ಜಿ ಒಂದು ಕಾಲು ಎತ್ತಿದಳು, ಮತ್ತೆ ಕೆಳಗೆ ಇಟ್ಟಳು. ಹತ್ತಲಿಲ್ಲ. ಕೈಯನ್ನೂ ತೆಗೆಯಲಿಲ್ಲ. ಮಂದಿ ಕೊಡ ಎತ್ತಿಕೊಂಡು ಹೋದ ಮೇಲೂ, ಅಪ್ಪ ಗಿರಣಿ ಚಾಲು ಮಾಡಿದ ಮೇಲೂ, ಆ ಕಂಬಿ ಹಿಡಿದು ಬಿಸಿಲಲ್ಲಿ ಹಾಗೇ ನಿಂತಿದ್ದಳು.